ಮಾಳಿಗೆಗೆ ನೀರು ಹೊಡೆಯುವ ಹೊತ್ತು

ನಮ್ಮ ವಿಭಾಗದ ಕಾರಿಡಾರಿನಲ್ಲಿ ಗೋಡೆಯಷ್ಟಗಲದ ಒಂದು ಜಗತ್ತಿನ ನಕಾಶೆ ಇದೆ. ನಾವು ಯಾವ ಊರುಗಳ ಬಿಸಿಲನ್ನು ಅಭ್ಯಾಸ ಮಾಡುತ್ತೇವೆಯೋ ಆ ಊರುಗಳ ಮೇಲೆ ಕೆಂಪು ತಲೆಯ ಗುಂಡುಸೂಜಿ ಚುಚ್ಚಿರುತ್ತದೆ. ಜರ್ಮನಿಯ ಈ ವಿಶ್ವವಿದ್ಯಾಲಯಕ್ಕೆ ನಾನು ಸಂಶೋಧಕಿಯಾಗಿ ಬಂದ ಮೊದಲ ವರ್ಷ ಬಾಗಲಕೋಟೆಗೆ ಆ ನಕಾಶೆಯಲ್ಲಿ ಸೂಜಿ ಸಿಕ್ಕಿರಲಿಲ್ಲ. ಪೆನ್ಸಿಲಿನ ಒಂದು ಚುಕ್ಕೆ ಮಾತ್ರ ಇತ್ತು, ಅದನ್ನು ಇಟ್ಟವಳೂ ನಾನೇ. ನನ್ನ ಗೈಡ್ ಅದನ್ನು ನೋಡಿ, ಮೊದಲು ಬೇಸಿಗೆಯ ಅಳತೆಗಳು ಸರಿಯಾಗಿ ಬರಲಿ, ಆಮೇಲೆ ಸೂಜಿ ಚುಚ್ಚೋಣ ಎಂದಿದ್ದರು. ಪೆನ್ಸಿಲಿನದು ರಬ್ಬರಿಗೆ ಅಳಿಸಿಹೋಗುತ್ತದೆ ಎನ್ನುವುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.

ನನ್ನ ಕೆಲಸ ಏನೆಂದು ಕೇಳುವವರಿಗೆ ನಾನು ಹೀಗೆ ಹೇಳುತ್ತೇನೆ: ಒಂದು ಊರಿನ ಗೋಡೆ, ಮಾಳಿಗೆ, ರಸ್ತೆ, ಗಿಡಮರ ಎಲ್ಲವನ್ನೂ ಕಂಪ್ಯೂಟರಿನೊಳಗೆ ಕಟ್ಟುವುದು. ಅದರ ಮೇಲೆ ಬಿಸಿಲು ಬಿಡುವುದು. ಹಗಲಿಡೀ ಕಲ್ಲು, ಸಿಮೆಂಟು ಎಷ್ಟು ಕಾವು ಕುಡಿಯುತ್ತವೆ, ಹೊತ್ತು ಮುಳುಗಿದ ಮೇಲೆ ಅದನ್ನು ಹೇಗೆ ಬಿಟ್ಟುಕೊಡುತ್ತವೆ ಎಂದು ಲೆಕ್ಕ ಹಾಕುವುದು. ಕಂಪ್ಯೂಟರಿನ ಈ ಊರಿಗೆ ಮಾದರಿ ಎನ್ನುತ್ತೇವೆ. ಮಾದರಿ ಹೇಳಿದ್ದೂ ನಿಜವಾದ ಊರಿನಲ್ಲಿ ಅಳೆದದ್ದೂ ತಾಳೆಯಾದರೆ, ಮುಂದೆ ಎಲ್ಲಿ ಗಿಡ ಹಚ್ಚಬೇಕು, ಮನೆ ಹೇಗೆ ಕಟ್ಟಿದರೆ ಜನ ನೆಮ್ಮದಿಯಾಗಿ ನಿದ್ದೆ ಮಾಡಿಯಾರು ಎಂದು ಹೇಳಬಹುದು. ಅವ್ವ ಇಷ್ಟೆಲ್ಲ ಹೇಳುವುದಿಲ್ಲ. ನವನಗರದ ನಮ್ಮ ಓಣಿಯಲ್ಲಿ ಯಾರಾದರೂ ಕೇಳಿದರೆ "ನನ್ನ ಮಗಳು ಊರಿಗೆ ಜ್ವರ ಬಂದೈತೇನು ನೋಡ್ತಾಳ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ನಾನು ಬರೆದ ಯಾವ ಸಾರಾಂಶವೂ ಇಷ್ಟು ಚೆನ್ನಾಗಿಲ್ಲ.

ಬಾಗಲಕೋಟೆಯನ್ನು ಯೋಜನೆಗೆ ಸೇರಿಸಲು ನಾನು ಜಗಳವನ್ನೇ ಆಡಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇಲ್ಲಿನವರು ಅದನ್ನು ಬೇಗ ತಿಳಿದುಕೊಂಡರು. ಭಾರತದ ಊರೇ ಬೇಕಾದರೆ ಬೆಂಗಳೂರು ಯಾಕಾಗಬಾರದು ಎಂದು ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಕೇಳಿದರು. ಬೆಂಗಳೂರಿನ ಹವೆಯ ಬಗ್ಗೆ ಬೆಂಗಳೂರಿನವರೇ ಹಗಲೂ ರಾತ್ರಿ ಮಾತಾಡುತ್ತಾರೆ, ನಮ್ಮ ಸಹಾಯ ಅವರಿಗೆ ಬೇಡ ಎಂದೆ. ನಗು ನಿಲ್ಲುವವರೆಗೆ ಕಾದು ಆಮೇಲೆ ನಿಜವಾದ ಕಾರಣ ಹೇಳಿದೆ.

ಹಳೇ ಬಾಗಲಕೋಟೆಯ ದೊಡ್ಡ ಭಾಗ ಆಣೆಕಟ್ಟಿನ ಹಿನ್ನೀರಿಗೆ ಹೋಯಿತು. ಅಲ್ಲಿನವರಿಗಾಗಿ ಕಾಗದದ ಮೇಲೆ ಗೆರೆ ಎಳೆದು ನವನಗರ ಕಟ್ಟಿದರು. ಅಗಲ ರಸ್ತೆ, ನೇರ ಸಾಲು, ನಂಬರು ಹಾಕಿದ ಸೆಕ್ಟರು. ಜನ ಅವರೇ, ಬಿಸಿಲೂ ಅದೇ, ಮನೆ ಬೀದಿಗಳು ಮಾತ್ರ ಬೇರೆ. ನನ್ನಂಥವರಿಗೆ ಅಭ್ಯಾಸ ಮಾಡಲು ಇದಕ್ಕಿಂತ ಒಳ್ಳೆಯ ಊರು ಎಲ್ಲಿ ಸಿಗಬೇಕು? ನಾನು ಹುಟ್ಟಿದ್ದು ಹಳೇ ಊರಿನ ಒಂದು ಓಣಿಯಲ್ಲಿ, ಬೆಳೆದದ್ದು ನವನಗರದಲ್ಲಿ. ಹಳೇ ಓಣಿ ನನಗೆ ನೆನಪಿಲ್ಲ. ಅವ್ವನಿಗೆ ಮಾತ್ರ ಯಾವ ಹೊತ್ತಿಗೆ ಯಾರ ಕಟ್ಟೆಯ ಮೇಲೆ ನೆರಳು ಬರುತ್ತಿತ್ತು ಎಂಬುದು ಕೂಡ ನೆನಪಿದೆ. ಅಲ್ಲಿ ಮಧ್ಯಾಹ್ನ ಬರಿಗಾಲಲ್ಲಿ ನಡೆಯಬಹುದಿತ್ತು, ಇಲ್ಲಿ ಚಪ್ಪಲಿ ಹಾಕಿಕೊಂಡರೂ ಕಾಲು ಸುಡುತ್ತದೆ ಎಂದು ಪ್ರತಿ ಬೇಸಿಗೆಯಲ್ಲೂ ಹೇಳುತ್ತಿದ್ದಳು. ಆ ಮಾತು ಕೇಳಿ ಕೇಳಿಯೇ ನಾನು ಈ ವಿಷಯಕ್ಕೆ ಬಂದೆ. ಸಭೆಯಲ್ಲಿ ಅದನ್ನೂ ಹೇಳಿದೆ. ಗೈಡ್ ಕನ್ನಡಕ ತೆಗೆದು ಒರೆಸಿಕೊಂಡು, ಸರಿ, ಒಂದು ಬೇಸಿಗೆ ಕೊಡುತ್ತೇನೆ ಎಂದರು. ಅಳತೆ ಸರಿ ಬಾರದ ಊರನ್ನು ಬೇಸಿಗೆಯ ನಂತರ ಕೈಬಿಟ್ಟು ಬೇರೆ ಊರನ್ನು ತೆಗೆದುಕೊಳ್ಳುವುದು ಎಂದೂ ಆವತ್ತೇ ತೀರ್ಮಾನವಾಯಿತು.

ಚಳಿಗಾಲದ ರಜೆಗೆ ಊರಿಗೆ ಬಂದಾಗ ಸೂಟ್‌ಕೇಸಿನ ತುಂಬ ಉಪಕರಣ ತಂದಿದ್ದೆ. ಬಟ್ಟೆಗೆ ಜಾಗವಿರಲಿಲ್ಲ, ಅವ್ವನ ಹಳೇ ಸೀರೆಗಳನ್ನೇ ಉಟ್ಟುಕೊಂಡು ತಿರುಗಿದೆ. ಕಂಬಕ್ಕೆ ಕಟ್ಟುವ ಒಂದು ಬಿಳಿ ಡಬ್ಬಿ, ತಟ್ಟೆಗಳನ್ನು ಒಂದರ ಮೇಲೊಂದು ಬೋರಲು ಹಾಕಿದಂತೆ ಕಾಣುತ್ತದೆ, ಅದು ಗಾಳಿಯ ಬಿಸಿ ಅಳೆಯುತ್ತದೆ. ಅದರಿಂದ ಇಳಿದ ತಂತಿಯ ತುದಿಯಲ್ಲಿ ಗುಂಡಿಯಂಥ ಒಂದು ತುಣುಕು, ಅದು ಮಾಳಿಗೆಗೆ ಅಂಟಿಕೊಂಡು ಮಾಳಿಗೆಯ ಮೈಬಿಸಿ ಅಳೆಯುತ್ತದೆ. ಒಳಗೆ ಸಿಮ್ ಇರುವುದರಿಂದ ಅಳತೆ ತಾನಾಗಿಯೇ ಜರ್ಮನಿಗೆ ಹೋಗುತ್ತದೆ. ಬಾಗಲಕೋಟೆಯೊಂದನ್ನೇ ಅಳೆದರೆ ಸಾಲದು, ಸುತ್ತಲಿನ ಊರುಗಳೂ ಬೇಕು. ಹೀಗಾಗಿ ಅಪ್ಪ ಬೈಕು ತೆಗೆದರು, ನಾನು ಹಿಂದೆ ಕುಳಿತೆ.

ವಿದ್ಯಾಗಿರಿಯಲ್ಲಿ ನಾನು ಓದಿದ ಕಾಲೇಜಿನ ಮಾಳಿಗೆಯ ಮೇಲೆ ಒಂದನ್ನು ಕೂಡಿಸಿದೆವು. ಹುನಗುಂದದಲ್ಲಿ ಅಪ್ಪನ ಗೆಳೆಯರೊಬ್ಬರ ಹಳೆಯ ಮನೆ ಇದೆ, ಮಾಳಿಗೆಗೆ ಮಣ್ಣು ಮೆತ್ತಿದ ಮೇಲ್ಮುದ್ದೆಯದು, ಒಂದನ್ನು ಅಲ್ಲಿಟ್ಟೆವು. ಇಳಕಲ್‌ನಲ್ಲಿ ಸೀರೆ ನೇಯುವ ಪರಿಚಯದವರು ತಮ್ಮ ತಗಡಿನ ಮಾಡು ಕೊಟ್ಟರು. ಮಗ್ಗದ ಸಪ್ಪಳಕ್ಕೆ ಇದು ಕೆಡುವುದಿಲ್ಲವೇ ಎಂದು ಅವರು ಕೇಳಿದರು. ಇದಕ್ಕೆ ಕಿವಿ ಇಲ್ಲರೀ ಎಂದು ಅಪ್ಪ ಉತ್ತರ ಕೊಟ್ಟರು. ಬಾದಾಮಿಯಲ್ಲಿ ಬಂಡೆಯ ಕೆಳಗೇ ಅವ್ವನ ತಂಗಿಯ ಮನೆ. ಅಲ್ಲಿ ಬಿಸಿಲಿಗಿಂತ ಮಂಗಗಳ ಚಿಂತೆ ದೊಡ್ಡದು. ಚಿಗವ್ವ ಏನೂ ಕೇಳದೆ ಹಿತ್ತಲಿನಿಂದ ಜಾಲಿ ಮುಳ್ಳು ತಂದು ಕಂಬದ ಸುತ್ತ ಬಿಗಿದಳು. ಇಂದಿಗೂ ಒಂದು ಮಂಗವೂ ಅದನ್ನು ಮುಟ್ಟಿಲ್ಲ. ಕೊನೆಯದನ್ನು, ಎಲ್ಲಕ್ಕಿಂತ ಮುಖ್ಯವಾದದ್ದನ್ನು, ನವನಗರದ ನಮ್ಮ ಮನೆಯ ಸಿಮೆಂಟಿನ ಮಾಳಿಗೆಯ ಮೇಲೆ ನಾನೇ ನಿಲ್ಲಿಸಿದೆ.

ಏಪ್ರಿಲ್ ಕೊನೆಯ ಸಭೆಯಲ್ಲಿ ಐದೂ ಕಡೆಯ ಗೆರೆಗಳು ಪರದೆಯ ಮೇಲೆ ಬಂದವು. ಬೆಳಿಗ್ಗೆ ಏರಿ, ಮಧ್ಯಾಹ್ನ ತುದಿ ಮುಟ್ಟಿ, ಸಂಜೆ ನಿಧಾನ ಇಳಿಯಬೇಕು. ನಾಲ್ಕು ಗೆರೆಗಳು ಹೇಳಿದ ಮಾತು ಕೇಳಿದ್ದವು. ನವನಗರದ ಮಾಳಿಗೆಯ ಗೆರೆ ಮಾತ್ರ ಮುಸ್ಸಂಜೆಯ ಹೊತ್ತಿಗೆ ಕುಡುಗೋಲಿನಿಂದ ಕೊಯ್ದಂತೆ ಒಮ್ಮೆಲೇ ಕೆಳಗೆ ಬಿದ್ದು, ಮತ್ತೆ ಸ್ವಲ್ಪ ಎದ್ದು, ಆಮೇಲೆ ದಾರಿಗೆ ಬರುತ್ತಿತ್ತು. ದಿನವೂ ಹಾಗೆಯೇ. ಮಾದರಿಯಲ್ಲಿ ಅಂಥ ಕುಸಿತವೇ ಇರಲಿಲ್ಲ. ಗೈಡ್ ನಿಧಾನವಾಗಿ, ಬೇಸರ ಮಾಡಿಕೊಳ್ಳಬೇಡ ಎನ್ನುವ ದನಿಯಲ್ಲಿ, ಈ ಉಪಕರಣ ಕೆಟ್ಟಿದೆ ಎಂದರು. ನವನಗರದ ಅಳತೆ ಇಲ್ಲದೆ ಬಾಗಲಕೋಟೆ ನಿಲ್ಲುವುದಿಲ್ಲ, ಕೈಬಿಡುವುದು ಒಳ್ಳೆಯದು ಎಂದರು. ಮೇಜಿನ ಸುತ್ತ ತಲೆಗಳು ಆಡಿದವು.

ನಾನು ಗೆರೆಯನ್ನೇ ನೋಡುತ್ತಿದ್ದೆ. ನಮ್ಮ ಮನೆಯ ಮೆಟ್ಟಿಲ ಮೇಲೆ ಬಕೀಟಿನ ಹಿಡಿಕೆ ಕಿರುಗುಟ್ಟುತ್ತಿದ್ದದ್ದು ನೆನಪಿನಲ್ಲಿ ಕೇಳಿಸಿತು.

"ಅದು ನನ್ನ ತಾಯಿ" ಎಂದೆ.

ನಾನು ಎದ್ದು ನಿಂತು ಹೇಳಿದೆ. ನಮ್ಮ ಕಡೆ ಬೇಸಿಗೆಯಲ್ಲಿ ಮನೆಯೊಳಗೆ ಮಲಗುವುದಿಲ್ಲ, ಮಾಳಿಗೆಯ ಮೇಲೆ ಮಲಗುತ್ತೇವೆ. ಹಗಲೆಲ್ಲ ಕಾದ ಸಿಮೆಂಟಿನ ಮೇಲೆ ಹಾಸಿಗೆ ಹಾಸಿದರೆ ಮೈ ಬೆಂದುಹೋಗುತ್ತದೆ. ಅದಕ್ಕೇ ದೀಪ ಹಚ್ಚಿದ ಮೇಲೆ ಅವ್ವ ಬಕೀಟು ತಂದು ಚರಿಗೆಯಿಂದ ಮಾಳಿಗೆಯ ತುಂಬ ನೀರು ಹೊಡೆಯುತ್ತಾಳೆ. ಬುಸ್ಸೆಂದು ಹಬೆ ಏಳುತ್ತದೆ. ಕಸಬರಿಗೆಯಿಂದ ನೀರನ್ನು ಮೂಲೆ ಮೂಲೆಗೂ ತಳ್ಳುತ್ತಾಳೆ. ಊಟ ಮುಗಿಯುವ ಹೊತ್ತಿಗೆ ಮಾಳಿಗೆ ಒಣಗಿ ತಂಪಾಗಿರುತ್ತದೆ. ಕಾಲೇಜಿನ ಮಾಳಿಗೆಯಲ್ಲಿ ಯಾರೂ ಮಲಗುವುದಿಲ್ಲ. ಹುನಗುಂದದ ಮಣ್ಣಿನ ಮೇಲ್ಮುದ್ದೆಗೆ ನೀರು ಹೊಡೆದರೆ ಮನೆ ಸೋರುತ್ತದೆ. ಇಳಕಲ್‌ನದು ತಗಡು. ಚಿಗವ್ವ ಮಂಗಗಳಿಗೆ ಹೆದರಿ ಮಾಳಿಗೆ ಬಿಟ್ಟು ಅಂಗಳದಲ್ಲಿ ಮಲಗುತ್ತಾಳೆ. ಅದಕ್ಕೇ ಈ ಕುಸಿತ ನಮ್ಮ ಮನೆಯದರಲ್ಲಿ ಮಾತ್ರ ಇದೆ. ಉಪಕರಣ ಕೆಟ್ಟಿಲ್ಲ, ನಮ್ಮ ಮಾದರಿಯಲ್ಲೇ ಜನ ಇಲ್ಲ ಎಂದೆ. ಕೊನೆಯ ಮಾತು ಸ್ವಲ್ಪ ಜೋರಾಗಿಯೇ ಬಂತು.

ಗೈಡ್ ನಗಲಿಲ್ಲ. ಕತೆ ಚೆನ್ನಾಗಿದೆ, ಆದರೆ ಅದನ್ನು ಸಾಧಿಸಿ ತೋರಿಸಬೇಕಲ್ಲ ಎಂದರು. ಒಂದು ವಾರ ನೀರು ಹೊಡೆಯದೆ ನೋಡೋಣ, ಕುಸಿತ ಹೋದರೆ ನಿನ್ನ ಮಾತು ಒಪ್ಪುತ್ತೇನೆ, ಹೋಗದಿದ್ದರೆ ಉಪಕರಣ ಕೆಟ್ಟಿದೆ ಎಂದು ನೀನು ಒಪ್ಪಬೇಕು ಎಂದರು. ನ್ಯಾಯವಾದ ಮಾತೇ. ಒಪ್ಪಿಕೊಂಡೆ.

ಅವ್ವನಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಬಿರುಬೇಸಿಗೆಯಲ್ಲಿ ಒಂದು ವಾರ ಮಾಳಿಗೆಗೆ ನೀರು ಬೇಡ ಎಂದರೆ ಏನು ಎನ್ನುವುದು ನಮ್ಮ ಊರಿನವರಿಗೇ ಗೊತ್ತು. ಅವ್ವ, ನಮ್ಮ ಊರು ನಕಾಶೆಯ ಮೇಲೆ ಉಳಿಯುವುದಾದರೆ ಒಂದು ವಾರ ಏನು ಮಹಾ ಎಂದಳು. ಒಣ ಮಾಳಿಗೆಯ ಮೇಲೆ ನಿದ್ದೆ ಬರುವುದಿಲ್ಲ, ಸುಮ್ಮನೆ ಯಾಕೆ ಒದ್ದಾಡುವುದು ಎಂದು ಅಪ್ಪನನ್ನು ಕರೆದುಕೊಂಡು ಬಾದಾಮಿಗೆ ಹೊರಟೇಬಿಟ್ಟಳು. ಮನೆಗೆ ಬೀಗ. ಬೀಗ ಹಾಕಿದ ಮನೆಯ ಮಾಳಿಗೆಗೆ ಯಾರು ನೀರು ಹೊಡೆಯುತ್ತಾರೆ? ನಾನು ಗೆದ್ದೆ ಎಂದುಕೊಂಡೆ.

ಊರಿನಲ್ಲಿ ಹೊತ್ತು ಮುಳುಗುವಾಗ ನನಗಿಲ್ಲಿ ಮಧ್ಯಾಹ್ನದ ಚಹಾದ ಸಮಯ. ಕಪ್ಪು ಹಿಡಿದು ಪರದೆಯ ಮುಂದೆ ಕುಳಿತೆ. ಗೆರೆ ಇಳಿಯುತ್ತ ಬಂತು, ಬಂತು, ಮತ್ತೆ ಕುಡುಗೋಲು ಬಿದ್ದಂತೆ ಕುಸಿಯಿತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಗೈಡ್ ಆ ಗೆರೆಯನ್ನು ನೋಡಿ ತಾರೀಕು ಮಾತ್ರ ಬರೆದುಕೊಂಡರು. ಬೈದಿದ್ದರೇ ಚೆನ್ನಾಗಿತ್ತು. ಕಾರಿಡಾರಿನ ನಕಾಶೆಯ ಮುಂದೆ ಹಾಯುವಾಗ ನಾನು ಆ ಕಡೆ ನೋಡುವುದನ್ನೇ ಬಿಟ್ಟೆ. ಇಷ್ಟು ಜನರ ಮುಂದೆ ಎದ್ದು ನಿಂತು ಅವ್ವನ ಹೆಸರಿನ ಮೇಲೆ ಮಾತು ಕೊಟ್ಟಿದ್ದೆ, ಆ ಮಾತು ಬೀಳುತ್ತಿತ್ತು. ತಡೆಯಲಾರದೆ ಬಾದಾಮಿಗೆ ಫೋನು ಮಾಡಿದೆ.

"ಅವ್ವಾ, ನೀ ಖರೇನ ನೀರು ಹೊಡದಿಲ್ಲೇನು?"

"ಇಲ್ಲಿ ಕುಂತು ಅಲ್ಲಿ ಹೆಂಗ ಹೊಡೀಲಿ? ನಿನಗ ನನ್ನ ಮಾತಿನ ಮ್ಯಾಲೆ ನಂಬಿಗಿ ಇಲ್ಲೇನಬೇ?"

ದನಿಯಲ್ಲಿ ನೋವಿತ್ತು. ಫೋನು ಇಟ್ಟ ಮೇಲೆ ನನಗೇ ಕೆಟ್ಟದೆನಿಸಿತು. ಅವ್ವ ಸುಳ್ಳು ಹೇಳುವವಳಲ್ಲ. ಹಾಗಾದರೆ ಗೆರೆ ಸುಳ್ಳು ಹೇಳುತ್ತಿರಬೇಕು. ಅದನ್ನೇ ಮತ್ತೆ ದೊಡ್ಡದು ಮಾಡಿ, ಏಪ್ರಿಲ್‌ನ ಗೆರೆಗಳ ಪಕ್ಕದಲ್ಲಿಟ್ಟು ನೋಡಿದೆ. ಆಗ ಕಂಡಿತು. ಕುಸಿತ ಅದೇ, ಹೊತ್ತು ಅದಲ್ಲ. ಅವ್ವ ಎಂದೂ ದೀಪ ಹಚ್ಚದೆ ನೀರು ಮುಟ್ಟುವವಳಲ್ಲ. ಈ ವಾರದ ಕುಸಿತ ಬಿಸಿಲು ಇನ್ನೂ ಗೋಡೆಯ ಮೇಲಿರುವಾಗಲೇ ಬಿದ್ದಿತ್ತು. ಆಳವೂ ಹೆಚ್ಚು. ಅವ್ವನದು ಚರಿಗೆಯ ಲೆಕ್ಕ, ಇದು ಕೊಡವನ್ನೇ ಬೋರಲು ಹಾಕಿದ ಲೆಕ್ಕ. ಉಪಕರಣವೂ ಸುಳ್ಳು ಹೇಳಿರಲಿಲ್ಲ, ಅವ್ವನೂ ಹೇಳಿರಲಿಲ್ಲ. ನಮ್ಮ ಮಾಳಿಗೆಯ ಮೇಲೆ ಬೇರೆ ಯಾರೋ ನೀರು ಹೊಡೆಯುತ್ತಿದ್ದರು.

ಅವ್ವನಿಗೆ ಮತ್ತೆ ಫೋನು ಮಾಡಿ, ಸಿಟ್ಟು ಇಳಿಸಿ, ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಎಲ್ಲ ಹೊಳೆಯಿತು. ನಮ್ಮ ಸಾಲಿನ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡು ನಿಂತಿವೆ. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಮೊಣಕಾಲೆತ್ತರದ ಕಟ್ಟೆ ದಾಟಿದರಾಯಿತು. ಬಾದಾಮಿಗೆ ಹೊರಡುವಾಗ ಅವ್ವ, ನಾವೆಲ್ಲ ಕಾಕು ಎಂದು ಕರೆಯುವ ಬಾಜೂಮನೆಯ ಹೆಂಗಸಿಗೆ ಮನೆಯ ಕಡೆ ಸ್ವಲ್ಪ ಲಕ್ಷ್ಯ ಇರಲಿ ಎಂದು ಹೇಳಿದ್ದಳು. ಮನೆಗೆ ಲಕ್ಷ್ಯ ಕೊಡುವುದೆಂದರೆ ನಮ್ಮಲ್ಲಿ ಬೀಗ ನೋಡುವುದಷ್ಟೇ ಅಲ್ಲ. ಹೊಸ್ತಿಲಿಗೆ ನೀರು ಹಾಕಿ ರಂಗೋಲಿ ಎಳೆಯಬೇಕು, ತುಳಸಿಗೆ ನೀರು ಹಾಕಬೇಕು, ಮನೆ ಬಣಬಣ ಕಾಣಬಾರದು. ಕಾಕು ಇದೆಲ್ಲವನ್ನೂ ಮಾಡಿದ್ದರು, ಒಂದು ಹೆಜ್ಜೆ ಮುಂದೆಯೂ ಹೋಗಿದ್ದರು. ಅವ್ವ ಫೋನಿನಲ್ಲಿ ಕೇಳಿದಾಗ ಅವರು ಕೊಟ್ಟ ಉತ್ತರವನ್ನು ಅವ್ವ ಈಗಲೂ ಅವರ ದನಿಯಲ್ಲೇ ಹೇಳಿ ತೋರಿಸುತ್ತಾಳೆ.

"ಅಕ್ಕಾರ, ನಿಮ್ಮ ಮಗಳ ಮಷೀನ ಬಿಸಿಲಾಗ ಒಂದ ನಿಂತಿತ್ರಿ. ಪಾಪ ಅನಿಸ್ತು. ಅದರ ಬುಡಕ್ಕ ಎರಡು ಕೊಡ ನೀರು ಹಾಕ್ತಿದ್ನಿ, ತಂಪಿರಲಿ ಅಂತ."

ಸಂಶೋಧನೆಗೆ ಯಾವ ಯಾವ ವಿಘ್ನ ಬರಬಹುದು ಎಂದು ನಾವು ಮೊದಲೇ ಬರೆದುಕೊಡಬೇಕು. ಮಳೆ, ಸಿಡಿಲು, ಕರೆಂಟು, ಕಳ್ಳರು, ಮಂಗ ಎಲ್ಲವನ್ನೂ ಬರೆದಿದ್ದೆ. ನೆರೆಮನೆಯವರ ಅಂತಃಕರಣ ಬರೆದಿರಲಿಲ್ಲ. ಗೈಡ್‌ಗೆ ಇದನ್ನು ಹೇಳಿದಾಗ ಅವರ ತುಟಿಯ ತುದಿ ಸ್ವಲ್ಪ ಏರಿತು. ಇನ್ನೊಂದು ವಾರ, ಇದೇ ಕೊನೆಯದು ಎಂದರು. ಆಮೇಲೆ ಮಳೆಗಾಲ ಬಂದರೆ ಯಾರ ಮಾತನ್ನೂ ಪರೀಕ್ಷೆ ಮಾಡಲು ಆಗುವುದಿಲ್ಲ, ನನ್ನ ಚುಕ್ಕೆಗೆ ರಬ್ಬರೇ ಗತಿ.

ಅವ್ವ ಅದೇ ದಿನ ಬಾದಾಮಿಯಿಂದ ಬಸ್ಸು ಹತ್ತಿದಳು. ಈ ಸಲ ಮನೆ ಬಿಟ್ಟು ಕದಲುವುದಿಲ್ಲ ಎಂದಳು. ದಿನಾ ಸಂಜೆ ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು ಆ ಬಿಳಿ ಡಬ್ಬಿಯ ಪಕ್ಕ ಕಾವಲು ಕುಳಿತಳು. ಕಾಕು ತಮ್ಮಿಂದ ಹುಡುಗಿಯ ಕೆಲಸ ಕೆಟ್ಟಿತೆಂದು ಮುಖ ಸಣ್ಣ ಮಾಡಿಕೊಂಡಿದ್ದರು. ಅವರೂ ಕಟ್ಟೆಯ ಆಚೆ ಕುರ್ಚಿ ಹಾಕಿದರು. ಓಣಿಯವರೆಲ್ಲ ತಮ್ಮ ತಮ್ಮ ಮಾಳಿಗೆಗೆ ನೀರು ಹೊಡೆದುಕೊಳ್ಳುತ್ತಿದ್ದರೆ ನಮ್ಮದೊಂದೇ ಒಣಗಿ ಬೂದುಬಣ್ಣಕ್ಕೆ ನಿಂತಿತ್ತು. ಅಪ್ಪ ಮೊದಲನೆಯ ದಿನವೇ ಕೆಳಗಿಳಿದು ಫ್ಯಾನಿಗೆ ಶರಣಾದರು. ಅವ್ವ ಮಾತ್ರ ಮೇಲೆಯೇ ಮಲಗಿದಳು. ಹಾಗೆ ಮಲಗು ಎಂದು ನಾನು ಹೇಳಿರಲಿಲ್ಲ, ಕುಸಿತಕ್ಕೂ ಅದಕ್ಕೂ ಸಂಬಂಧವೂ ಇರಲಿಲ್ಲ. ಯಾಕೆ ಅವ್ವಾ ಎಂದು ಬೇಡಿಕೊಂಡರೆ, ಕೌದಿಯ ಕೆಳಗೆ ಕಾದ ರೊಟ್ಟಿಹಂಚು ಇಟ್ಟ ಹಾಗಿದೆ, ಅದನ್ನೂ ನಿಮ್ಮ ಸರ್‌ಗೆ ಹೇಳು ಎಂದಳು. ಆ ವಾರ ನಾನು ದಿನಾ ಅತ್ತಿದ್ದೇನೆ. ದುಃಖಕ್ಕಲ್ಲ. ಇಂಥವಳ ಮಗಳು ನಾನು ಎನ್ನುವುದಕ್ಕೆ.

ಗೆರೆ ಬಂತು. ಹೊತ್ತು ಇಳಿದಂತೆ ಅದೂ ಇಳಿಯಿತು, ಎಲ್ಲೂ ಮುಗ್ಗರಿಸದೆ, ಮಾದರಿ ಹಾಕಿಕೊಟ್ಟ ದಾರಿಯಲ್ಲೇ. ವಾರವಿಡೀ ಹಾಗೆಯೇ. ಅವ್ವನಿಗೆ ಇನ್ನು ನೀರು ಹೊಡೆ ಎಂದು ಹೇಳಿದ ದಿನ, ಸರಿಯಾಗಿ ದೀಪ ಹಚ್ಚಿದ ಮೇಲೆ, ಕುಡುಗೋಲು ಮತ್ತೆ ಬಿತ್ತು. ಗೈಡ್ ನನ್ನ ಕುರ್ಚಿಯ ಹಿಂದೆ ನಿಂತು ಬಹಳ ಹೊತ್ತು ಆ ಎರಡು ಗೆರೆಗಳನ್ನು ನೋಡಿದರು. ಆಮೇಲೆ ಹೋಗಿ ಕೆಂಪು ತಲೆಯ ಸೂಜಿಯೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟರು. ನೀನೇ ಚುಚ್ಚು ಎಂದರು. ಅವಸರದಲ್ಲಿ ಮೊದಲ ಸಲ ಸೂಜಿ ಎಲ್ಲೋ ಗದಗಿನ ಹತ್ತಿರ ಇಳಿಯಿತು, ಕಿತ್ತು ಮತ್ತೆ ಚುಚ್ಚಿದೆ.

ಈಗ ನಮ್ಮ ಮಾದರಿಯಲ್ಲಿ ಸಂಜೆ ಮಾಳಿಗೆಗೆ ನೀರು ಹೊಡೆಯುವ ಜನ ಇದ್ದಾರೆ. ನಮ್ಮಂಥ ಬೇರೆ ಬಿಸಿಲೂರುಗಳನ್ನು ಅಭ್ಯಾಸ ಮಾಡುವವರು ಅದನ್ನು ಕೇಳಿ ತೆಗೆದುಕೊಂಡು ಹೋಗುತ್ತಿದ್ದಾರೆ. ದೊಡ್ಡ ಸಮ್ಮೇಳನವೊಂದರಲ್ಲಿ ಆ ಎರಡು ಗೆರೆಗಳನ್ನು ತೋರಿಸಿ ನಾನು ಮಾತಾಡಿದಾಗ ಬಾಗಲಕೋಟೆ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಎಷ್ಟು ನೀರು, ಯಾವ ಹೊತ್ತಿಗೆ, ಅಷ್ಟು ನೀರು ಎಲ್ಲಿಂದ ಎಂದು ಕೇಳಿದರು. ನಮ್ಮ ಹಳೇ ಊರನ್ನು ಮುಳುಗಿಸಿದ ಹಿನ್ನೀರೇ ಈಗ ನಲ್ಲಿಯಲ್ಲಿ ಬರುತ್ತದೆ, ಅದರಲ್ಲಿ ನನ್ನ ತಾಯಿ ಒಂದು ಬಕೀಟು ವಸೂಲು ಮಾಡುತ್ತಾಳೆ ಎಂದೆ.

ಈ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಒಂದು ಸಂಜೆ ಅವ್ವ ದೀಪ ಹಚ್ಚಿ ಬಂದು ಬಕೀಟು ನನ್ನ ಕೈಗೆ ಕೊಟ್ಟಳು. ನೆನಪಿದೆಯೋ ಇಲ್ಲವೋ ನೋಡೋಣ ಎಂದಳು. ನಾನು ಅವಸರದವಳು. ಅಲ್ಲೊಂದು ಚರಿಗೆ ಇಲ್ಲೊಂದು ಚರಿಗೆ ಚೆಲ್ಲಿ, ಡಬ್ಬಿಯಿದ್ದ ಮೂಲೆಯನ್ನು ಅರ್ಧ ಒಣಗಲು ಬಿಟ್ಟು, ಕಸಬರಿಗೆ ಆಡಿಸಿ ಮುಗಿಸಿದೆ. ಕಾಕು ಕಟ್ಟೆಯ ಆಚೆಯಿಂದ ನೋಡಿ ನಕ್ಕರು. ಚಾಪೆ ಬಿಚ್ಚುತ್ತಿದ್ದಾಗ ಫೋನಿಗೆ ಮೆಸೇಜು ಬಂತು. ಗೈಡ್‌ರದು, ಒಂದೇ ಸಾಲು. ಇವತ್ತು ನೀರು ಹೊಡೆದದ್ದು ನಿನ್ನ ತಾಯಿಯಲ್ಲ ಅಲ್ಲವೇ ಎಂದು ಕೇಳಿದ್ದರು.

ಅವ್ವನಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವಳು ಖಾಲಿ ಚರಿಗೆ ಹಿಡಿದುಕೊಂಡು ನಿಂತೇ ಇದ್ದಳು.

"ಖರೇನ ಹಂಗ ಬರದಾರೇನು?"

"ಖರೆ ಅವ್ವಾ."

"ಅಷ್ಟ ದೂರ ಕುಂತು ನನ್ನ ಕೈ ಗುರ್ತ ಹಿಡದಾರಲ್ಲಬೇ" ಎಂದಳು. ಆಮೇಲೆ ಬಕೀಟಿನಲ್ಲಿ ಉಳಿದ ನೀರನ್ನು ಚರಿಗೆಯಲ್ಲಿ ಮೊಗೆದು, ನಾನು ಒಣಗಲು ಬಿಟ್ಟಿದ್ದ ಮೂಲೆಗೆ ಅಗಲವಾಗಿ ಬೀಸಿ ಹೊಡೆದಳು. ಹಬೆ ಎದ್ದಿತು. ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಫೋನಿನ ಕಡೆ ಗದ್ದ ಎತ್ತಿ ತೋರಿಸಿದಳು.

"ಈಗ ನೋಡ್ರಿ ಅಂತ ಹೇಳು."